ನಾಲ್ಕು ಮಳೆಗಾಲ ಕಂಡ ಸೋನಿ ಎ7 ಐವಿ, ಮೂರು ಮಳೆಗಾಲ ಕಂಡ ರಿಕೋ ಜಿಆರ್ 3

ಉಡುಪಿಯಲ್ಲಿ ಕ್ಯಾಮೆರಾದ ವಯಸ್ಸನ್ನು ಮಳೆಗಾಲದ ಲೆಕ್ಕದಲ್ಲಿ ಹೇಳುವುದೇ ಸರಿ. ನನ್ನ ಸೋನಿ ಎ7 ಐವಿ ನಾಲ್ಕು ಮಳೆಗಾಲ ಕಂಡಿದೆ, ರಿಕೋ ಜಿಆರ್ 3 ಮೂರು. ಮೊದಲನೆಯದನ್ನು 2022ರ ಮಾರ್ಚ್‌ನಲ್ಲಿ ಮದುವೆ ಕೆಲಸಕ್ಕೆಂದು ಸಾಲ ಮಾಡಿ ಕೊಂಡೆ. ಎರಡನೆಯದನ್ನು ಅದೇ ವರ್ಷದ ಡಿಸೆಂಬರಿನಲ್ಲಿ ದುಬೈಯಿಂದ ರಜೆಗೆ ಬಂದ ಭಾವ ತಂದುಕೊಟ್ಟರು. ಹಣ ನನ್ನದು, ಹೊತ್ತು ತಂದ ಉಪಕಾರ ಅವರದು. ಮದುವೆ ಇಲ್ಲದ ದಿನಗಳಲ್ಲಿ ನಾನು ಯಕ್ಷಗಾನದ ಹಿಂದೆ, ಮಲ್ಪೆ ಬಂದರಿನಲ್ಲಿ ಮೀನಿನ ದೋಣಿಗಳು ನಿಲ್ಲುವ ದಕ್ಕೆಯ ಸುತ್ತ ಅಲೆಯುವವನು. ಹಾಗಾಗಿ ಎರಡೂ ಕ್ಯಾಮೆರಾಗಳಿಗೆ ಬೆವರು, ಉಪ್ಪುಗಾಳಿ, ಬಣ್ಣದ ಪುಡಿ ಎಲ್ಲವೂ ಚೆನ್ನಾಗಿ ತಾಗಿದೆ.

ಮೊದಲು ತೂಕ. ಎ7 ಐವಿ ಬ್ಯಾಟರಿ, ಕಾರ್ಡ್ ಸೇರಿ 658 ಗ್ರಾಂ. ಅದಕ್ಕೆ ನಾನು ಸದಾ ಹಾಕಿರುವ 24-70 ಎಫ್/2.8 ಜಿ ಮಾಸ್ಟರ್ ಲೆನ್ಸಿನ ಮೊದಲ ಆವೃತ್ತಿ 886 ಗ್ರಾಂ. ಒಂದೂವರೆ ಕಿಲೋ ದಾಟಿತು. ಜಿಆರ್ 3 ಎಲ್ಲ ಸೇರಿ 257 ಗ್ರಾಂ, ಅಂದರೆ ಆರರಲ್ಲಿ ಒಂದು ಪಾಲು. ಅಂಗಡಿಯಲ್ಲಿ ನಿಂತು ಕೈಯಲ್ಲಿ ಹಿಡಿದಾಗ ಈ ವ್ಯತ್ಯಾಸ ಅಷ್ಟು ದೊಡ್ಡದೆನಿಸುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಹಾರ್ಡ್‌ಡಿಸ್ಕ್ ತೆರೆದು ನೋಡಿದಾಗ ತಿಳಿಯುತ್ತದೆ. ಸೋನಿಯ ಫೋಲ್ಡರುಗಳಿಗೆಲ್ಲ ಒಂದೊಂದು ಕಾರ್ಯಕ್ರಮದ ಹೆಸರು: ಮದುವೆ, ಉಪನಯನ, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಸಾಗುವ ಪರ್ಯಾಯ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ. ರಿಕೋದ ಫೋಲ್ಡರುಗಳಿಗೆ ಬರೀ ತಾರೀಕು. ಆ ತಾರೀಕುಗಳಲ್ಲಿ ಏನೂ ನಡೆದಿರಲಿಲ್ಲ. ತರಕಾರಿ ತರಲು ಹೋಗಿದ್ದೆ, ಬಸ್ಸಿಗೆ ಕಾಯುತ್ತಿದ್ದೆ, ಅಮ್ಮ ಹಪ್ಪಳ ಒಣಗಿಸುತ್ತಿದ್ದರು. ಅಂಗಿಯ ಜೇಬಿನಲ್ಲಿ ಕ್ಯಾಮೆರಾ ಇತ್ತು, ಅಷ್ಟೇ.

ಇಲ್ಲಿ ದೊಡ್ಡ ಕ್ಯಾಮೆರಾಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡುತ್ತೇನೆ. ರಾತ್ರಿ ಎರಡು ಗಂಟೆಗೆ ಗದ್ದೆಯಲ್ಲಿ ಹಾಕಿದ ರಂಗಸ್ಥಳ. ಪುಂಡುವೇಷದವರು, ಅಂದರೆ ತರುಣ ವೀರರ ಪಾತ್ರದವರು, ಮಂಡಿ ಹಾಕಿ ಗಿರಕಿ ಹೊಡೆಯುತ್ತಿದ್ದಾರೆ, ಚೆಂಡೆಯ ಪೆಟ್ಟು ಏರುತ್ತಿದೆ. ಆ ವೇಗವನ್ನು ನಿಲ್ಲಿಸಲು ಕನಿಷ್ಠ 1/500 ಸೆಕೆಂಡಿನ ಷಟರ್ ಬೇಕು, ಆ ಮಂದ ಬೆಳಕಿಗೆ ಸೆನ್ಸರಿನ ಸಂವೇದನೆಯನ್ನು ಏರಿಸಿ ಐಎಸ್‌ಒ 6400 ಬೇಕು. ಎ7 ಐವಿ ಕಣ್ಣನ್ನು ಹಿಡಿದರೆ ಬಿಡುವುದಿಲ್ಲ. ಕೇದಗೆ ಮುಂದಲೆ ಎಂಬ ಶಿರೋಭೂಷಣದ ಕೆಳಗೆ, ಕಾಡಿಗೆ ತುಂಬಿದ ಕಣ್ಣು ಒಂದು ಸುತ್ತು ತಿರುಗಿ ಮತ್ತೆ ನನ್ನತ್ತ ಬರುವಷ್ಟರಲ್ಲಿ ಫೋಕಸ್ ಅಲ್ಲಿ ಕಾದು ನಿಂತಿರುತ್ತದೆ. ಸೆಕೆಂಡಿಗೆ 10 ಚಿತ್ರದಂತೆ ತೆಗೆದರೆ, ಅಂಚಿನ ಜರಿ ಗಾಳಿಯಲ್ಲಿ ಬಿಚ್ಚಿಕೊಂಡ ಆ ಒಂದು ಕ್ಷಣ ಖಂಡಿತ ಸಿಗುತ್ತದೆ. 33 ಮೆಗಾಪಿಕ್ಸೆಲ್ ಇರುವುದರಿಂದ ಅರ್ಧ ಕತ್ತರಿಸಿದರೂ ಮುದ್ರಣಕ್ಕೆ ಸಾಲುತ್ತದೆ. ಜಿಆರ್ 3ರಲ್ಲಿ ಇದೇ ಪ್ರಯತ್ನ ಎರಡು ಬಾರಿ ಮಾಡಿದೆ, ಮೂರನೆಯ ಬಾರಿ ಮಾಡಲಿಲ್ಲ. ಅದರ ಲೆನ್ಸ್ 28 ಎಂಎಂ ನೋಟದ್ದು, ಜೂಮ್ ಇಲ್ಲ. ಪ್ರೇಕ್ಷಕರ ಸಾಲಿನಿಂದ ಕಲಾವಿದ ಹೆಬ್ಬೆರಳಿನಷ್ಟು ಕಾಣುತ್ತಾನೆ. ಅದು ಈ ಕೆಲಸಕ್ಕೆ ಹುಟ್ಟಿದ ಕ್ಯಾಮೆರಾ ಅಲ್ಲ.

ಮದುವೆಗೂ ದೊಡ್ಡದೇ. ಅದಕ್ಕೆ ಚಿತ್ರದ ಗುಣಮಟ್ಟಕ್ಕಿಂತ ಮುಖ್ಯ ಕಾರಣ ಎರಡು ಕಾರ್ಡ್ ಸ್ಲಾಟ್. 2023ರ ಮೇ ತಿಂಗಳಿನಲ್ಲಿ ಒಂದು ಮದುವೆಯ ನಡುವೆ ಕಾರ್ಡೊಂದು ಸತ್ತೇ ಹೋಯಿತು, ಧಾರೆ ಆಗಿ ಹತ್ತು ನಿಮಿಷವೂ ಆಗಿರಲಿಲ್ಲ. ಎರಡನೆಯ ಕಾರ್ಡಿನಲ್ಲಿ ಪ್ರತಿ ಚಿತ್ರದ ಪ್ರತಿ ಇತ್ತು. ಒಂದೇ ಸ್ಲಾಟಿನ ಕ್ಯಾಮೆರಾದಲ್ಲಿ ಇನ್ನೊಬ್ಬರ ಮನೆಯ ಮದುವೆ ತೆಗೆಯಬೇಡಿ. ಧಾರೆ ಎರಡನೆಯ ಸಲ ಎರೆಯುವುದಿಲ್ಲ. ಜಿಆರ್ 3ಕ್ಕೆ ಒಂದು ಕಾರ್ಡ್ ಸ್ಲಾಟ್, ಜೊತೆಗೆ 2 ಜಿಬಿ ಒಳಸಂಗ್ರಹ. ಕಾರ್ಡ್ ಮನೆಯಲ್ಲಿ ಮರೆತ ದಿನ ಆ 2 ಜಿಬಿ ನನ್ನನ್ನು ಹಲವು ಬಾರಿ ಕಾಪಾಡಿದೆ, ಆದರೆ ಅದು ಮದುವೆಯ ಲೆಕ್ಕವಲ್ಲ. ಇನ್ನೊಂದು ಮಾತು: ದೊಡ್ಡ ಕ್ಯಾಮೆರಾ ಹಿಡಿದವನಿಗೆ ಜನ ದಾರಿ ಬಿಡುತ್ತಾರೆ. 2024ರ ಜನವರಿ 18ರಂದು, ಪುತ್ತಿಗೆ ಮಠದ ಪರ್ಯಾಯದ ಮೆರವಣಿಗೆ ಜೋಡುಕಟ್ಟೆಯಿಂದ ನಸುಕಿಗೆ ಮುಂಚೆಯೇ ಹೊರಟಾಗ, ಕಾಲಿಡಲು ಜಾಗವಿಲ್ಲದ ರಸ್ತೆಯಲ್ಲಿ ಸ್ವಯಂಸೇವಕರು ನನ್ನನ್ನು ಮುಂದೆ ಬಿಟ್ಟದ್ದು ಕುತ್ತಿಗೆಯಲ್ಲಿದ್ದ ಸೋನಿಯನ್ನು ನೋಡಿ. ಜಿಆರ್ 3 ಹಿಡಿದು ನಿಂತಿದ್ದರೆ ಯಾರೋ ಭಕ್ತ ಎಂದು ಹಿಂದಕ್ಕೆ ಸರಿಸುತ್ತಿದ್ದರು.

ಈಗ ಚೌಕಿಗೆ, ಅಂದರೆ ಯಕ್ಷಗಾನದ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ, ಬರುತ್ತೇನೆ. ಈ ಬರಹ ಹುಟ್ಟಿದ್ದೇ ಅಲ್ಲಿ.

ಚೌಕಿಯೊಳಗೆ ಚಪ್ಪಲಿ ಕಳಚಿ ಹೋಗಬೇಕು. ಗಣಪತಿಯ ಮುಂದೆ ದೀಪ, ಎರಡೂ ಬದಿಗೆ ಪೆಟ್ಟಿಗೆಗಳ ಸಾಲು, ಪೆಟ್ಟಿಗೆಯ ಮುಂದೆ ಚಾಪೆ, ಚಾಪೆಯ ಮೇಲೆ ಕಲಾವಿದರು. ಮೇಳದವರ ಒಪ್ಪಿಗೆ ಪಡೆದೇ ಮೊದಲ ವರ್ಷವಿಡೀ ಸೋನಿಯೊಂದಿಗೆ ಹೋಗುತ್ತಿದ್ದೆ. ಒಳ್ಳೆಯ ಚಿತ್ರಗಳೇ ಬಂದವು, ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಣ್ಣ ಬರೆಯುತ್ತಿದ್ದವರು ಕೈ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ, "ತೆಗೆಯಿರಿ" ಎನ್ನುತ್ತಿದ್ದರು. ಆಟಕ್ಕೆ (ಯಕ್ಷಗಾನದ ಪ್ರದರ್ಶನಕ್ಕೆ) ಹೊತ್ತಾಗುತ್ತಿದ್ದರೂ ನನಗಾಗಿ ನಿಲ್ಲುವ ಅವರ ಸೌಜನ್ಯ ಕಂಡು ನನಗೆ ಕಸಿವಿಸಿಯಾಗುತ್ತಿತ್ತು. ಶಬ್ದವಿಲ್ಲದ ಷಟರ್ ಬಳಸಿದರೆ ಇನ್ನೊಂದು ತೊಂದರೆ: ಎಲೆಕ್ಟ್ರಾನಿಕ್ ಷಟರಿನಲ್ಲಿ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ, ಎಲ್ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಎರಡೂ ಸೇರಿ ಚಿತ್ರದ ಮೇಲೆ ಅಡ್ಡಪಟ್ಟಿ ಎಳೆಯುತ್ತವೆ. ಹಾಗಾಗಿ ಯಾಂತ್ರಿಕ ಷಟರನ್ನೇ ಬಳಸಬೇಕು. ತಗಡಿನ ಗೋಡೆಯ ನಡುವೆ ಅದರ ಸದ್ದು ಚೆನ್ನಾಗಿಯೇ ಕೇಳಿಸುತ್ತದೆ.

ಜಿಆರ್ 3ರ ಷಟರ್ ಲೆನ್ಸಿನೊಳಗೇ ಇದೆ. ಎಲೆ ಬಿದ್ದಷ್ಟೂ ಸದ್ದಿಲ್ಲ. ಅದರಲ್ಲಿ ಸ್ನ್ಯಾಪ್ ಫೋಕಸ್ ಎಂಬ ಸೌಲಭ್ಯ ಇದೆ; ದೂರವನ್ನು ಮೊದಲೇ ಗೊತ್ತುಮಾಡಿ ಇಟ್ಟರೆ ಗುಂಡಿಯನ್ನು ಒಂದೇ ಏಟಿಗೆ ಪೂರ್ತಿ ಒತ್ತಿದಾಗ ಕ್ಯಾಮೆರಾ ಫೋಕಸ್ ಹುಡುಕುತ್ತ ಕೂರುವುದಿಲ್ಲ. ಹಗಲಿನಲ್ಲಿ ನಾನು 2.5 ಮೀಟರಿಗೆ ಇಟ್ಟು ಎಫ್/8ರ ಕಿರಿದಾದ ಲೆನ್ಸ್ ದ್ವಾರದಲ್ಲಿ ಬಳಸುತ್ತೇನೆ, ಒಂದೂಕಾಲು ಮೀಟರಿನಿಂದ ಆಚೆಗಿನದೆಲ್ಲ ಸ್ಪಷ್ಟ ಬರುತ್ತದೆ. ಚೌಕಿಯಲ್ಲಿ ಬೆಳಕು ಕಡಿಮೆ, ಎಫ್/2.8ರ ಅಗಲ ದ್ವಾರ ಬೇಕು, ಆಗ ಸ್ಪಷ್ಟ ಬರುವ ಆಳ ಕಡಿಮೆ, ಆದ್ದರಿಂದ ದೂರವನ್ನು 1 ಮೀಟರಿಗೆ ಇಳಿಸಿ ಅಷ್ಟೇ ಹತ್ತಿರ ಕೂರುತ್ತೇನೆ. ಕಳೆದ ವರ್ಷ ಒಂದು ರಾತ್ರಿ ಹಿರಿಯ ಕಲಾವಿದರೊಬ್ಬರು ತಲೆಗೆ ಮುಂದಲೆ ಕಟ್ಟಿಕೊಳ್ಳುತ್ತಿದ್ದರು. ದಾರದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ತುದಿ ಬಲಗೈಯಲ್ಲಿ, ಎಡಗೈಯಲ್ಲಿ ಅಂಗೈಯಗಲದ ಕನ್ನಡಿ. ದಾರ ಎಳೆದಾಗ ಹಣೆಯ ಚರ್ಮ ಮೇಲಕ್ಕೆ ಸರಿದು, ಬಣ್ಣದ ಗೆರೆಯ ಕೆಳಗೆ ಬಣ್ಣವಿಲ್ಲದ ಚರ್ಮದ ಒಂದು ಎಳೆ ಕಾಣಿಸಿತು. ಅವರು ಕನ್ನಡಿಯಲ್ಲಿ ಅದನ್ನು ಕಂಡು, ಕಿರುಬೆರಳಿನಿಂದ ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣ ಮುಟ್ಟಿ ಆ ಎಳೆಯನ್ನು ಮುಚ್ಚಿದರು. ನಾನು ಪಕ್ಕದಲ್ಲೇ ಚಾಪೆಯ ಮೇಲಿದ್ದೆ, ಕ್ಯಾಮೆರಾ ಮೊಣಕಾಲಿನ ಮೇಲಿತ್ತು. ಆ ಒಂದು ಚಿತ್ರಕ್ಕೆ ನನ್ನ ಸೋನಿಯ ನೂರು ರಂಗಸ್ಥಳದ ಚಿತ್ರಗಳನ್ನು ಕೊಡುತ್ತೇನೆ.

ಆಟ ಮುಗಿದ ಮೇಲೆ ಅವರಿಗೆ ತೋರಿಸಿ, "ಇಟ್ಟುಕೊಳ್ಳಬಹುದೇ?" ಎಂದು ಕೇಳಿದೆ. ಚಿಕ್ಕ ಕ್ಯಾಮೆರಾ ಬಳಸುವವರಿಗೆ ಈ ಮಾತನ್ನು ಒತ್ತಿ ಹೇಳಬೇಕು. ದೊಡ್ಡ ಕ್ಯಾಮೆರಾ ತಾನೇ ಎದ್ದು ಕಾಣುವುದರಿಂದ ಬೇಡವೆನಿಸಿದವರು ಮುಖ ತಿರುಗಿಸಬಹುದು. ಚಿಕ್ಕದರ ಮುಂದೆ ಅವರಿಗೆ ಆ ಅವಕಾಶ ಇರುವುದಿಲ್ಲ. ಮಲ್ಪೆಯ ದಕ್ಕೆಯಲ್ಲಿ ಬಂಗುಡೆ ವಿಂಗಡಿಸುತ್ತಿದ್ದ ಅಕ್ಕ ಒಬ್ಬರು ತನ್ನ ಚಿತ್ರ ನೋಡಿ, "ಇದು ಬೇಡ ಮಾರಾಯರೇ, ಅಳಿಸಿ" ಎಂದರು. ಚೆನ್ನಾಗಿತ್ತು. ಅಳಿಸಿದೆ. ಅವರ ಕಣ್ಣೆದುರೇ ಅಳಿಸಿದೆ.

ಬೆಳಕಿನ ವಿಷಯದಲ್ಲಿ ಜಿಆರ್ 3 ಗಾತ್ರಕ್ಕೆ ಮೀರಿದ್ದು. ಒಳಗಿರುವುದು 24 ಮೆಗಾಪಿಕ್ಸೆಲಿನ ಎಪಿಎಸ್-ಸಿ ಸೆನ್ಸರ್. ಸೋನಿಯ ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣ ಅದರ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಕತ್ತಲಲ್ಲಿ ಆ ವ್ಯತ್ಯಾಸ ಕಾಣುತ್ತದೆ, ಹಗಲಿನಲ್ಲಿ ನನ್ನ ಕಣ್ಣಿಗೆ ಕಾಣುವುದಿಲ್ಲ. ಕಾರ್ತಿಕದ ಲಕ್ಷದೀಪೋತ್ಸವದಂದು ರಥಬೀದಿಯಲ್ಲಿ ಉಸಿರು ಬಿಗಿಹಿಡಿದು 1/8 ಸೆಕೆಂಡಿನಲ್ಲಿ ಕೈಯಲ್ಲೇ ತೆಗೆದ ಹಣತೆಯ ಸಾಲು ಅಲುಗದೆ ಬಂದಿದೆ. "ಮೊಬೈಲ್ ಸಾಲದೇ?" ಎಂದು ಕೇಳುವವರಿಗೂ ಇದೇ ನನ್ನ ಉತ್ತರ. ನನ್ನ ಮೊಬೈಲ್ ಆ ರಾತ್ರಿಯನ್ನು ಹಗಲಿನಂತೆ ಬೆಳಗಿಸಿಬಿಟ್ಟಿತು. ರಿಕೋದಲ್ಲಿ ಕತ್ತಲು ಕತ್ತಲಾಗಿಯೇ ಉಳಿಯಿತು, ದೀಪ ದೀಪವಾಗಿ.

ಬ್ಯಾಟರಿ ಮಾತ್ರ ಚಿಕ್ಕದರಲ್ಲಿ ಚಿಕ್ಕದೇ. ಪ್ರಮಾಣಿತ ಪರೀಕ್ಷೆಯ ಲೆಕ್ಕದಲ್ಲಿ ಒಂದು ಚಾರ್ಜಿಗೆ 200 ಚಿತ್ರ, ಎ7 ಐವಿಗೆ ಪರದೆ ಬಳಸಿದರೆ 580. ಮೂರು ಬ್ಯಾಟರಿ ಇಟ್ಟುಕೊಂಡಿದ್ದೇನೆ. ಇಡೀ ರಾತ್ರಿಯ ಆಟಕ್ಕೆ ಹೋಗುವಾಗ ಪವರ್‌ಬ್ಯಾಂಕ್ ಕೂಡ. ಎರಡಕ್ಕೂ ಒಂದೇ ಟೈಪ್-ಸಿ ತಂತಿ ಸಾಕು.

ಇನ್ನು ಕರಾವಳಿಯವರು ಮಾತ್ರ ಕೇಳುವ ಪ್ರಶ್ನೆ: ಮಳೆಗಾಲ. ಮೊದಲ ಮಳೆಗಾಲದಲ್ಲಿ ನನ್ನಿಂದ ಒಂದು ತಪ್ಪಾಯಿತು. ನೆನೆದ ಬ್ಯಾಗಿನಲ್ಲೇ ಹಳೆಯ 50 ಎಂಎಂ ಲೆನ್ಸನ್ನು ಬಿಟ್ಟಿದ್ದೆ. ನಾಗರಪಂಚಮಿಯ ಹೊತ್ತಿಗೆ ಟಾರ್ಚ್ ಹಿಡಿದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು, ಶಿಲೀಂಧ್ರ. ಅದು ಮತ್ತೆ ಸರಿಯಾಗಲಿಲ್ಲ. ಅಂದಿನಿಂದ ಎಲ್ಲವೂ ಡ್ರೈ ಕ್ಯಾಬಿನೆಟ್ಟಿನಲ್ಲಿ, ತೇವಾಂಶ ಶೇಕಡಾ 45ಕ್ಕೆ ಹೊಂದಿಸಿ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಎಂದು ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಕೂಡ ಇಟ್ಟಿದ್ದೇನೆ. ನೀಲಿ ಕಾಳು ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಅಕ್ಕಿ ಡಬ್ಬಿಯಲ್ಲಿಡಿ ಎನ್ನುವ ಸಲಹೆ ಕೇಳಬೇಡಿ, ಅಕ್ಕಿಯ ಹುಡಿ ಸಂದಿಗೆಲ್ಲ ಹೋಗುತ್ತದೆ. ಎಸಿ ಹಾಲಿನಿಂದ ಹೊರಗೆ ಬರುವಾಗ ಕ್ಯಾಮೆರಾವನ್ನು ಬ್ಯಾಗಿನಲ್ಲಿ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ, ಇಲ್ಲವಾದರೆ ಗಾಜಿನ ಮೇಲೆ ಬೆವರು ಕೂರುತ್ತದೆ.

ಎರಡರಲ್ಲಿ ಮಳೆಗೆ ಹೆಚ್ಚು ತಡೆಯುವುದು ಸೋನಿ, ಅದರ ಕೀಲುಗಳಿಗೆ ಸೀಲಿಂಗ್ ಇದೆ. ಹಾಗೆಂದು ಜಲನಿರೋಧಕವಲ್ಲ, ವಿಟ್ಲಪಿಂಡಿಯಲ್ಲಿ ಗುರ್ಜಿ ಎಂಬ ಮರದ ಚೌಕಟ್ಟಿಗೆ ತೂಗುಹಾಕಿದ ಮಡಕೆ ಒಡೆಯುವಾಗ ಮಳೆಕವಚ ಹಾಕಿಯೇ ನಿಲ್ಲುತ್ತೇನೆ. ಜಿಆರ್ 3ಕ್ಕೆ ಸೀಲಿಂಗ್ ಇಲ್ಲ. ಲೆನ್ಸ್ ಒಳಗೆ ಹೊರಗೆ ಚಲಿಸುವ ಯಾವ ಜೇಬು ಕ್ಯಾಮೆರಾಕ್ಕೂ ಧೂಳಿನ ಅಪಾಯ ಇದ್ದೇ ಇದೆ. ನಾನು ಒಂದು ವರ್ಷ ಅದನ್ನು ಹತ್ತಿಯ ಅಂಗಿಯ ಜೇಬಿನಲ್ಲಿ ಹಾಗೇ ಹಾಕಿಕೊಂಡು ತಿರುಗಿದೆ. ಜೇಬಿನ ಹತ್ತಿಯ ಎಳೆ ಒಳಸೇರಿ ಆಕಾಶದಲ್ಲಿ ಬೂದು ಚುಕ್ಕೆ ಕಾಣತೊಡಗಿತು. ಹೊರದೇಶದ ಖರೀದಿಯಾದ್ದರಿಂದ ಇಲ್ಲಿ ವಾರಂಟಿ ಇರಲಿಲ್ಲ. ಬಿಚ್ಚಿ ಸ್ವಚ್ಛ ಮಾಡಿಸಲು ಕಾಸೂ ಹೋಯಿತು, ಐದು ವಾರವೂ ಹೋಯಿತು. ಈಗ ದೊಡ್ಡಮ್ಮ ಹೊಲಿದುಕೊಟ್ಟ ಒತ್ತು ನೇಯ್ಗೆಯ ಚೀಲದಲ್ಲಿಟ್ಟೇ ಜೇಬಿಗೆ ಹಾಕುತ್ತೇನೆ, ಮತ್ತೆ ಚುಕ್ಕೆ ಬಂದಿಲ್ಲ.

ಯಾವುದನ್ನು ಕೊಳ್ಳಬೇಕು? ಚಿತ್ರ ತೆಗೆದು ಅನ್ನ ಉಣ್ಣಬೇಕಾದವರು ಎ7 ಐವಿಯನ್ನೋ ಅದರ ಸಾಲಿನ ಬೇರೊಂದನ್ನೋ ಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಹಕ್ಕಿ, ಕಂಬಳ, ರಂಗಸ್ಥಳ ಇಷ್ಟಪಡುವವರಿಗೂ ಅದೇ. ಆದರೆ ಮನೆಮಂದಿ, ಊರು, ದಾರಿ ಇವುಗಳ ಚಿತ್ರ ಬೇಕೆಂದು ಎರಡೂವರೆ ಲಕ್ಷದ ಕ್ಯಾಮೆರಾ ಕೊಂಡು ಕಪಾಟಿನಲ್ಲಿ ಇಟ್ಟವರನ್ನು ನಾನು ತುಂಬ ನೋಡಿದ್ದೇನೆ. ಅಂಥವರಿಗೆ ಜಿಆರ್ 3, ಅಥವಾ 28 ತೀರ ಅಗಲವೆನಿಸಿದರೆ 40 ಎಂಎಂ ನೋಟದ ಜಿಆರ್ 3ಎಕ್ಸ್. ನನಗೆ ಮದುವೆಯ ಕೆಲಸ ನಿಂತ ದಿನ ಸೋನಿಯನ್ನು ಮಾರುತ್ತೇನೆ. ರಿಕೋ ನನ್ನ ಜೊತೆ ಇರುತ್ತದೆ.

ದೊಡ್ಡಮ್ಮನ ಮನೆ ಶಂಕರಪುರದ ಹತ್ತಿರ. ಬೆಳಗಾಗುವ ಮೊದಲೇ ಗಿಡದಿಂದ ಬಿಡಿಸಿದ ಮಲ್ಲಿಗೆ ಮೊಗ್ಗನ್ನು ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ, ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೋದ ಏಪ್ರಿಲ್‌ನಲ್ಲಿ ಅಲ್ಲಿ ಉಳಿದಿದ್ದಾಗ ಪಕ್ಕದಲ್ಲಿ ಕೂತು ಮ್ಯಾಕ್ರೋದಲ್ಲಿ ಅವರ ಬೆರಳುಗಳನ್ನು ತೆಗೆದೆ. ಜಿಆರ್ 3 ಆರು ಸೆಂಟಿಮೀಟರಿನಷ್ಟು ಹತ್ತಿರ ಹೋಗುತ್ತದೆ. ಒದ್ದೆ ನಾರು, ಸವೆದ ಹೆಬ್ಬೆರಳಿನ ಉಗುರು, ಉಗುರಿನ ಕೆಳಗೆ ಸಿಕ್ಕಿಕೊಂಡ ಹಸಿರು. ಅವರು ಕೆಲಸ ನಿಲ್ಲಿಸಲಿಲ್ಲ. ಆಮೇಲೆ 12×18 ಇಂಚಿಗೆ ಮುದ್ರಿಸಿ ಒಯ್ದು ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಬಳಿಕ ಒಂದು ಮೂಲೆಯ ಮೇಲೆ ಬೆರಳಿಟ್ಟು ಹೇಳಿದರು: "ನೋಡು, ಈ ಒಂದು ಮೊಗ್ಗು ತಿರುಗಿ ಕೂತಿದೆ. ಅಂದು ನನ್ನ ಕಣ್ಣಿಗೆ ಬೀಳಲೇ ಇಲ್ಲ."