ಫೆಸ್ಟಿನಿಯೊಗ್ ರೈಲು: ಟಿಕೆಟ್ ಕೊಳ್ಳುವ ಮುಂಚೆ ಇಳಿಜಾರಿನ ಲೆಕ್ಕ ತಿಳಿದಿರಲಿ

ವೇಲ್ಸ್‌ನ ಪೋರ್ಥ್‌ಮಾಡಾಗ್ ಬಂದರಿನಿಂದ ಬ್ಲೈನೈ ಫೆಸ್ಟಿನಿಯೊಗ್ ಎಂಬ ಗಣಿಯೂರಿಗೆ ಹತ್ತುವ ಈ ಪುಟ್ಟ ರೈಲಿನಲ್ಲಿ ಸುಮ್ಮನೆ ಬೆಟ್ಟ ನೋಡಿಕೊಂಡು ಬಂದರೂ ದುಡ್ಡಿಗೆ ಮೋಸವಿಲ್ಲ. ಆದರೆ ಹಾದಿಯ ಮರ್ಮ ಗೊತ್ತಿದ್ದು ಕೂತವರಿಗೆ ಸಿಗುವುದೇ ಬೇರೆ. ಹಳಿಗಳ ನಡುವಿನ ಅಂತರ 597 ಮಿ.ಮೀ., ಎರಡಡಿಗೆ ಅರ್ಧ ಇಂಚು ಕಮ್ಮಿ. ಉದ್ದ ಹದಿಮೂರೂವರೆ ಮೈಲಿ. ಮನೆ ಮಾಡಿಗೆ ಹೊದಿಸುವ ಸ್ಲೇಟು ಕಲ್ಲನ್ನು ಬೆಟ್ಟದಿಂದ ಹಡಗಿಗೆ ಇಳಿಸಲೆಂದು 1832ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿ, 1836ರ ಏಪ್ರಿಲ್‌ನಲ್ಲಿ ಶುರುವಾದ ಹಾದಿ ಇದು. ಆಗ ಇಲ್ಲಿ ಎಂಜಿನ್ನೇ ಇರಲಿಲ್ಲ. ಹಾದಿ ಹಾಕಿದವರ ಲೆಕ್ಕದಲ್ಲೂ ಎಂಜಿನ್ ಇರಲಿಲ್ಲ.

ಹಾದಿಯನ್ನು ಅಳೆದು ಗುರುತಿಸಿದ ಜೇಮ್ಸ್ ಸ್ಪೂನರ್ ಹಾಕಿದ ಲೆಕ್ಕ ಸರಳ: ತುಂಬಿದ ಬಂಡಿಗಳು ಗಣಿಯಿಂದ ಸಮುದ್ರದವರೆಗೆ ತಮ್ಮ ಭಾರಕ್ಕೇ ಉರುಳಿ ಬರಬೇಕು. ಹಾಗಾಗಬೇಕಾದರೆ ಇಳಿಜಾರು ಎಲ್ಲೂ ತುಂಡಾಗಬಾರದು, ಎಲ್ಲೂ ಅತಿಯಾಗಲೂಬಾರದು. ಸರಾಸರಿ 92ಕ್ಕೆ 1, ಅಂದರೆ 92 ಅಡಿ ಸಾಗಿದರೆ ಒಂದು ಅಡಿ ಇಳಿಯುವ ಇಳಿಜಾರನ್ನು ಬೆಟ್ಟದ ಪಕ್ಕೆಯುದ್ದಕ್ಕೂ ಕಾಯ್ದುಕೊಂಡದ್ದು ಹೀಗೆ. ಹಾದಿ ಅಷ್ಟೊಂದು ಸುತ್ತಿ ಬಳಸುವುದಕ್ಕೆ ಇದೇ ಕಾರಣ, ಹಳಿ ಇಷ್ಟು ಕಿರಿದಾಗಿರುವುದಕ್ಕೂ ಇದೊಂದು ಕಾರಣ. ಅಗಲದ ಹಳಿಗೆ ಅಂಥ ಬಿಗಿ ತಿರುವು ಒಗ್ಗುವುದಿಲ್ಲ. ಇಳಿಯುವಾಗ ಕುದುರೆಗಳೂ ಸಾಲಿನ ಕೊನೆಯ ‘ಡ್ಯಾಂಡಿ’ ಬಂಡಿಯಲ್ಲಿ ನಿಂತು ಸವಾರಿ ಮಾಡುತ್ತಿದ್ದವು. ಕೆಳಗಿಳಿದ ಮೇಲೆ ಖಾಲಿ ಬಂಡಿಗಳನ್ನು ಮೇಲಕ್ಕೆ ಎಳೆಯುವ ಪಾಳಿ ಅವುಗಳದು. ಇಳಿಯಲು ಸುಮಾರು ಒಂದೂವರೆ ಗಂಟೆ, ಹತ್ತಲು ಆರು ಗಂಟೆ ಹತ್ತಿರ. ಬ್ರೇಕಿನವರು ಓಡುವ ಬಂಡಿಗಳ ಮೇಲೇ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ, ಬೇಕಾದಷ್ಟು ಬ್ರೇಕ್ ಮಾತ್ರ ಒತ್ತಿ ವೇಗ ಹಿಡಿತದಲ್ಲಿಡುತ್ತಿದ್ದರು. ಉಗಿ ಎಂಜಿನ್ ಬಂದ ಮೇಲೂ 1939ರವರೆಗೆ ಸ್ಲೇಟು ಇಳಿದದ್ದು ಹೀಗೆಯೇ. ಎಂಜಿನ್‌ನ ಕೆಲಸ ಖಾಲಿ ಬಂಡಿಗಳನ್ನು ಹತ್ತಿಸುವುದಷ್ಟೇ.

ಆದ್ದರಿಂದ ಮೊದಲ ಸಲಹೆ: ಸವಾರಿಯನ್ನು ಪೋರ್ಥ್‌ಮಾಡಾಗ್‌ನಿಂದಲೇ ಶುರುಮಾಡಿ. ಹತ್ತುವಾಗ ಎಂಜಿನ್ ದುಡಿಯುವ ಸದ್ದು ಕಿವಿಗೆ ಬೀಳುತ್ತದೆ. ಮರಳುವಾಗ ಅದೇ ಎಂಜಿನ್ ಹೆಚ್ಚುಕಡಿಮೆ ಮೌನವಾಗಿ ಬ್ರೇಕ್ ಹಿಡಿದೇ ಬರುತ್ತದೆ. ಆ ವ್ಯತ್ಯಾಸವೇ ಈ ಹಾದಿಯ ಚರಿತ್ರೆಗೆ ಒಳ್ಳೆಯ ಪಾಠ. ಎರಡನೆಯದು: ಹತ್ತುವಾಗ ಬಲಗಡೆ ಕೂರಿ. ಡ್ವಿರಿಡ್ ಕಣಿವೆ ಪೂರ್ತಿ ಆ ಕಡೆಗೇ ತೆರೆದುಕೊಳ್ಳುತ್ತದೆ. ಮೊದಲ ಮೈಲಿ ಮಾತ್ರ, ‘ಕಾಬ್’ ಎಂಬ ಸಮುದ್ರದ ಏರಿಯ ಮೇಲೆ ಓಡುವಾಗ, ಎಡಕ್ಕೆ ತಿರುಗಿ ಸ್ನೋಡನ್ ಬೆಟ್ಟಸಾಲು ನೋಡಿಕೊಳ್ಳಿ.

ತಾನ್-ಅ-ಬುಲ್ಖ್ ನಿಲ್ದಾಣಕ್ಕೆ ಮುಂಚೆ ಕೈ ಮಾವರ್ ಎಂಬ ಏರಿ ಬರುತ್ತದೆ. ಎತ್ತರ 62 ಅಡಿ, ಗಾರೆಯ ಹಂಗಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ್ದು. ರೈಲು ಅದರ ಮೇಲೆ ಬಾಗಿ ಹೋಗುವುದರಿಂದ ಹಿಂದಿನ ಡಬ್ಬಿಯಲ್ಲಿ ಕೂತವರಿಗೆ ಮುಂದಿನ ಎಂಜಿನ್ ಕಾಣುತ್ತದೆ. ಹಾಗಾಗಿ ಎಂಜಿನ್‌ಗೆ ಅಂಟಿಕೊಂಡ ಡಬ್ಬಿಗಿಂತ ಹಿಂದಿನದು ವಾಸಿ. ಗಾರೆಯಿಲ್ಲದ ಗೋಡೆಗೆ ಒಂದು ಗುಣವಿದೆ: ಮಳೆನೀರು ಕಲ್ಲುಸಂದಿಯಲ್ಲಿ ಸೋರಿಹೋಗುತ್ತದೆ, ಒಳಗೆ ತುಂಬಿಕೊಂಡು ಗೋಡೆಯನ್ನು ಹೊರಕ್ಕೆ ತಳ್ಳುವುದಿಲ್ಲ. ಈ ಪಾಟಿ ಮಳೆ ಸುರಿಯುವ ಸೀಮೆಯಲ್ಲಿ ಅದು ಇಂದಿಗೂ ರೈಲು ಹೊರುತ್ತಿರುವುದರ ಗುಟ್ಟಿನಲ್ಲಿ ಇದಕ್ಕೂ ಪಾಲಿದೆ.

ಎಂಜಿನ್ ವಿಷಯಕ್ಕೆ ಬರೋಣ. ಇಲ್ಲಿ ಅವಸರ ಬೇಡ. ಇಷ್ಟು ಕಿರಿದಾದ ಹಳಿಯ ಮೇಲೆ ಉಗಿ ಎಂಜಿನ್ ಕೆಲಸಕ್ಕೆ ಬಾರದು ಎಂಬ ಮಾತು ಆಗ ಬಲವಾಗಿತ್ತು. ಲಂಡನ್ನಿನ ಜಾರ್ಜ್ ಇಂಗ್ಲೆಂಡ್ ಕಾರ್ಖಾನೆಯ ಪುಟ್ಟ ಎಂಜಿನ್‌ಗಳು 1863ರಲ್ಲಿ ಬಂದು ಆ ಮಾತನ್ನು ಸುಳ್ಳು ಮಾಡಿದವು. 1865ರಿಂದ ಪ್ರಯಾಣಿಕರೂ ಹತ್ತಿದರು. ಬ್ರಿಟನ್ನಿನಲ್ಲಿ ನ್ಯಾರೋಗೇಜ್ ಹಳಿಯ ಮೇಲೆ ಉಗಿ ಎಂಜಿನ್ನಿನ ಪ್ರಯಾಣಿಕರ ರೈಲು ಓಡಿದ್ದು ಇಲ್ಲೇ ಮೊದಲು. ಆದರೆ ಎರಡೇ ಜೊತೆ ಗಾಲಿಯ ಎಂಜಿನ್ ವೇಗ ಹೆಚ್ಚಿದರೆ ಕುಣಿಯುತ್ತದೆ. ಉದ್ದ ಮಾಡಿದರೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸರಕು ಬೆಳೆಯುತ್ತಿತ್ತು, ಜೋಡಿಹಳಿ ಹಾಕಲು ಬಂಡೆ ಒಡೆಯುವ ಖರ್ಚು ಭಾರಿ. ಆಗ ರಾಬರ್ಟ್ ಫೇರ್ಲಿ ಎಂಬ ಎಂಜಿನಿಯರನ ಉಪಾಯ ಒದಗಿತು. ಎರಡು ಬಾಯ್ಲರ್‌ಗಳನ್ನು ಬೆನ್ನಿಗೆ ಬೆನ್ನು ಕೂರಿಸಿ, ಬೆಂಕಿಗೂಡನ್ನು ನಡುವೆ ಇಟ್ಟು, ಇಡೀ ಭಾರವನ್ನು ತಿರುಗುವ ಎರಡು ಬೋಗಿಗಳ (ಇಲ್ಲಿ ಬೋಗಿ ಎಂದರೆ ಡಬ್ಬಿಯಲ್ಲ, ಗಾಲಿಗಳನ್ನು ಹೊತ್ತು ಹೊರಳುವ ಚೌಕಟ್ಟು) ಮೇಲೆ ಹೇರುವುದು. ಉಗಿಯ ಒತ್ತಡದಿಂದ ಗಾಲಿ ತಿರುಗಿಸುವ ಸಿಲಿಂಡರನ್ನು ಆ ಬೋಗಿಗಳಿಗೇ ಜೋಡಿಸುವುದು. ಹೀಗೆ ಭಾರವೆಲ್ಲ ಎಳೆಯುವ ಗಾಲಿಗಳ ಮೇಲೇ ಬೀಳುತ್ತದೆ, ತಿರುವಿಗೆ ತಕ್ಕಂತೆ ಬೋಗಿ ಹೊರಳುತ್ತದೆ. 1869ರ ‘ಲಿಟ್ಲ್ ವಂಡರ್’ ಇದನ್ನು ಸಾಧಿಸಿ ತೋರಿಸಿತು. 1870ರ ಫೆಬ್ರವರಿಯ ಪರೀಕ್ಷೆಗಳನ್ನು ನೋಡಲು ರಷ್ಯಾದಿಂದ ನಿಯೋಗವೇ ಬಂದಿತ್ತು.

ಇದರ ದೌರ್ಬಲ್ಯವೂ ರಚನೆಯಲ್ಲೇ ಇದೆ. ಬಾಯ್ಲರ್ ಅಲುಗದು, ಸಿಲಿಂಡರ್ ಬೋಗಿಯ ಜೊತೆ ತಿರುಗುತ್ತದೆ. ನಡುವಿನ ಉಗಿ ಕೊಳವೆಯ ಕೀಲು ಸವೆದರೆ ಅಲ್ಲೇ ಸೋರಿಕೆ. ನಿಲ್ದಾಣದಲ್ಲಿ ಎಂಜಿನ್ ಪಕ್ಕಕ್ಕೆ ಹೋಗಿ ನೋಡಿ: ಬಾಯ್ಲರ್ ಕ್ಯಾಬಿನ ನಡುವೆ ಹಾಯ್ದಿರುವುದರಿಂದ ಡ್ರೈವರ್ ಒಂದು ಕಡೆ, ಬೆಂಕಿ ಹಾಕುವವರು ಇನ್ನೊಂದು ಕಡೆ. ಬೆಂಕಿಗೂಡಿನ ಬಾಗಿಲುಗಳು ಹಿಂದಿಲ್ಲ, ಪಕ್ಕದಲ್ಲಿವೆ. ಆ ಇಕ್ಕಟ್ಟಿನಲ್ಲಿ ನಿಂತು ಎರಡೂ ಬೆಂಕಿಗಳನ್ನು ಸಮ ಉರಿಸುವುದು ದೊಡ್ಡ ಕಸುಬು. 1879ರಲ್ಲಿ ಇಲ್ಲಿನದೇ ಬಾಸ್ಟನ್ ಲಾಡ್ಜ್ ಕಾರ್ಖಾನೆಯಲ್ಲಿ ತಯಾರಾದ ‘ಮೆರ್ಥಿನ್ ಎಮ್ರಿಸ್’ ಈ ಬಗೆಯದು. ನಿಮ್ಮ ದಿನಕ್ಕೆ ಫೇರ್ಲಿ ಎಂಜಿನ್ ಇದೆಯೇ ಎಂದು ಬುಕ್ ಮಾಡುವ ಮುಂಚೆ ಕೇಳಿ. ಆದರೆ ರಿಪೇರಿ ಬಂದರೆ ಎಂಜಿನ್ ಬದಲಾಗುತ್ತದೆ, ಅದಕ್ಕೆ ಖಾತರಿ ಕೇಳುವುದು ನ್ಯಾಯವಲ್ಲ.

ಡಬ್ಬಿಗಳಲ್ಲಿ 1872ರಲ್ಲಿ ತಯಾರಾದ 15 ಮತ್ತು 16ನೆಯ ಸಂಖ್ಯೆಯವು ಬ್ರಿಟನ್ನಿನ ಮೊದಲ ಬೋಗಿ ಡಬ್ಬಿಗಳು. ಇನ್ನೂ ಹಳೆಯ, ‘ಬಗ್ ಬಾಕ್ಸ್’ ಎಂಬ ಅಡ್ಡಹೆಸರಿನ ನಾಲ್ಕು ಗಾಲಿಯ ಡಬ್ಬಿಗಳೂ ಇವೆ. ಅವುಗಳಲ್ಲಿ ಒಂದು ಬಗೆಯಲ್ಲಿ ಜನ ಬೆನ್ನಿಗೆ ಬೆನ್ನು ಕೊಟ್ಟು ಹೊರಗೆ ಮುಖ ಮಾಡಿ ಕೂರುತ್ತಾರೆ. ಭಾರ ತಗ್ಗಿನಲ್ಲಿ ಉಳಿದು ಡಬ್ಬಿ ವಾಲದಿರಲೆಂದು ಈ ಏರ್ಪಾಟು. ಕಾರಿಡಾರ್ ಇಲ್ಲದ ಹಳೆಯ ಡಬ್ಬಿಯಲ್ಲಿ ಶೌಚಾಲಯ ಇರುವುದಿಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕಾರಿಡಾರ್ ಡಬ್ಬಿಯನ್ನೇ ಕೇಳಿ ಪಡೆಯಿರಿ. ವೀಕ್ಷಣಾ ಡಬ್ಬಿಯ ಮೊದಲ ದರ್ಜೆ ಆರಾಮವಾಗಿದೆ, ಆದರೆ ಎಂಜಿನ್ ಸದ್ದು ಕೇಳಬೇಕೆನ್ನುವವರಿಗೆ ಆ ಹೆಚ್ಚಿನ ದುಡ್ಡು ವ್ಯರ್ಥ.

ಹೆಚ್ಚಿನವರು ಎಡವುವುದು ಟಿಕೆಟ್ಟಿನಲ್ಲಿ. ಅರ್ಧ ದಾರಿಗೇ ಹಿಂದಿರುಗುವ ಸವಾರಿಗಳೂ ಮಾರಾಟಕ್ಕಿವೆ. ಅಗ್ಗ ಕಂಡಿತೆಂದು ಕೊಂಡರೆ ಮೇಲಿನ ದುವಾಲ್ಟ್ ಸುರುಳಿ ತಪ್ಪಿಹೋಗಬಹುದು. ಬ್ಲೈನೈವರೆಗಿನದೇ ಕೊಳ್ಳಿ. ಹೋಗಲು ಒಂದು ಗಂಟೆಯ ಮೇಲೆ ತುಸು ಹಿಡಿಯುತ್ತದೆ. ಹೋಗಿಬರಲು ಅರ್ಧ ದಿನ ಎತ್ತಿಡಿ.

ದುವಾಲ್ಟ್‌ನಲ್ಲಿ ಹಳಿ ಸುತ್ತು ಹೊಡೆದು ತನ್ನದೇ ಹಾದಿಯನ್ನು ಮೇಲಿಂದ ದಾಟುತ್ತದೆ. ಈ ರೈಲು 1946ರಲ್ಲಿ ನಿಂತಿತ್ತು. ಕಾಯ್ದೆಯಿಂದ ಹುಟ್ಟಿದ ಹಾದಿಯನ್ನು ಮುಚ್ಚಲು ಇನ್ನೊಂದು ಕಾಯ್ದೆ ಬೇಕಿತ್ತು. ಹಾಗಾಗಿ ಹಳಿ ಕೀಳದೆ ಪೊದೆಯಡಿ ಉಳಿಯಿತು. 1954ರಲ್ಲಿ ಅಲನ್ ಪೆಗ್ಲರ್ ಎಂಬ ರೈಲುಪ್ರೇಮಿ ಉದ್ಯಮಿ ಕಂಪನಿಯನ್ನು ಹಿಡಿತಕ್ಕೆ ತಂದುಕೊಂಡರು, 1955ರಲ್ಲಿ ಕಾಬ್ ಮೇಲೆ ಮತ್ತೆ ರೈಲು ಓಡಿತು. ಅಷ್ಟರಲ್ಲಿ ಮೇಲಿನ ಹಾದಿ ತಾನಿಗ್ರಿಶೈ ಜಲವಿದ್ಯುತ್ ಯೋಜನೆಗೆ ಹೋಯಿತು, 1842ರ ಹಳೆಯ ಸುರಂಗದ ಆಚೆ ಬಾಯಿಯ ಕಡೆ ನೀರು ನಿಂತಿತು. 1965ರಿಂದ ಸ್ವಯಂಸೇವಕರು ಹಾರೆ ಗುದ್ದಲಿ ಹಿಡಿದು ಹೊಸ ಹಾದಿ ಕಡಿದರು. ಹೊಸ ಸುರಂಗ ಕೊರೆದದ್ದಾಯಿತು, ಹಾದಿ 1978ಕ್ಕೆ ತಾನಿಗ್ರಿಶೈ, 1982ಕ್ಕೆ ಬ್ಲೈನೈ ಮುಟ್ಟಿತು. ನೀರಿಗಿಂತ ಮೇಲೆ ಹೋಗಲೇಬೇಕಾದ್ದರಿಂದ ಹಾದಿ ಒಂದು ನೆತ್ತಿ ಹತ್ತಿ ತಾನಿಗ್ರಿಶೈ ಕಡೆಗೆ ಇಳಿಯುತ್ತದೆ. ಸ್ಪೂನರ್ ತುಂಡಾಗಲು ಬಿಡದ ಇಳಿಜಾರು ತುಂಡಾದದ್ದು ಅಲ್ಲಿ. ಬ್ಲೈನೈನಿಂದ ಸಮುದ್ರದವರೆಗೆ ಬಂಡಿ ತಾನಾಗಿ ಉರುಳುವುದು ಇನ್ನು ಆಗದ ಮಾತು. ವಿಶೇಷ ಹಬ್ಬದ ದಿನಗಳಲ್ಲಿ ನೆತ್ತಿಯಿಂದ ಕೆಳಗೆ ಮಾತ್ರ ಸ್ಲೇಟು ಬಂಡಿಗಳನ್ನು ಉರುಳಿಸಿ ತೋರಿಸುತ್ತಾರೆ. ಸಾಧ್ಯವಿದ್ದರೆ ಪ್ರವಾಸದ ತಾರೀಕನ್ನೇ ಅದಕ್ಕೆ ಹೊಂದಿಸಿ. ಇಲ್ಲಿ ಅದಕ್ಕಿಂತ ನೋಡಬೇಕಾದ್ದು ಇನ್ನೊಂದಿಲ್ಲ.

ಚಳಿಗಾಲದಲ್ಲಿ ರೈಲು ಬಹುತೇಕ ಓಡುವುದಿಲ್ಲ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಕಾರಿಲ್ಲದೆಯೂ ಬರಬಹುದು: ಬರ್ಮಿಂಗ್‌ಹ್ಯಾಮ್ ಕಡೆಯವರು ಕೇಂಬ್ರಿಯನ್ ಕರಾವಳಿ ರೈಲಿನಲ್ಲಿ ಮಿನ್‌ಫೋರ್ಡ್ ಅಥವಾ ಪೋರ್ಥ್‌ಮಾಡಾಗ್‌ಗೆ, ಮ್ಯಾಂಚೆಸ್ಟರ್ ಕಡೆಯವರು ಲಾಂಡಡ್ನೊ ಜಂಕ್ಷನ್ನಿನಲ್ಲಿ ಬದಲಿಸಿ ಬ್ಲೈನೈಗೆ. ಮ್ಯಾಂಚೆಸ್ಟರ್ ಕಡೆಯವರಿಗೆ ಮೊದಲು ಇಳಿಜಾರು ಸಿಗುತ್ತದೆ. ಹತ್ತುವ ಸದ್ದು ಮರಳಿ ಬರುವಾಗ ಕೇಳಿ. ತರೀಕೆರೆ–ನರಸಿಂಹರಾಜಪುರದ ಎರಡಡಿ ಹಳಿಯ ಟ್ರಾಂವೇ ಬಗ್ಗೆ ಹಿರಿಯರಿಂದ ಕೇಳಿ ಬಲ್ಲವರು ಹೆಚ್ಚುಕಡಿಮೆ ಅದೇ ಅಗಲದ ಹಳಿಯನ್ನು ಇಲ್ಲಿ ಕಣ್ಣಾರೆ ನೋಡಬಹುದು. ಅದೇ ಪೋರ್ಥ್‌ಮಾಡಾಗ್ ನಿಲ್ದಾಣದಿಂದ ಕೈರ್ನಾರ್ವೊನ್‌ಗೆ ವೆಲ್ಷ್ ಹೈಲ್ಯಾಂಡ್ ರೈಲೂ ಹೊರಡುತ್ತದೆ, ಉದ್ದ 40 ಕಿ.ಮೀ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಮಿಕ್ಕ ಹೊತ್ತನ್ನು ಬಾಸ್ಟನ್ ಲಾಡ್ಜ್ ಕಾರ್ಖಾನೆ ನೋಡಲು ಇಟ್ಟುಕೊಳ್ಳಿ. ಒಳಗೆ ಹೋಗುವ ಅವಕಾಶ ಯಾವ ದಿನ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ.