ವಿಕ್ಟೋರಿಯಾ ಮೊದಲೋ, ಎರಡನೇ ಎಲಿಜಬೆತ್ ಮೊದಲೋ?

ಬ್ರಿಟನ್ನಿನ ರಾಜಮನೆತನದ ಚರಿತ್ರೆ ಓದಲು ಹೊರಟವರು ಯಾರಿಂದ ಆರಂಭಿಸಬೇಕು? ನನ್ನ ಮತ ವಿಕ್ಟೋರಿಯಾಳಿಗೆ.

ಆಕೆ ಮನಸ್ಸನ್ನು ಮುಚ್ಚಿಡಲಿಲ್ಲ. 1837ರಲ್ಲಿ, 18ರ ಹರೆಯದಲ್ಲಿ ಪಟ್ಟಕ್ಕೇರಿದವಳು 1901ರಲ್ಲಿ ಸಾಯುವ ಹೊತ್ತಿಗೂ ದಿನಚರಿ ಬಿಟ್ಟಿರಲಿಲ್ಲ. ಮಗಳು ಬಿಯಾಟ್ರಿಸ್ ಅದನ್ನು ತಿದ್ದಿ ನಕಲು ಮಾಡಿ, ಮೂಲದ ಬಹುಭಾಗವನ್ನು ಸುಟ್ಟುಹಾಕಿದಳು. (ಚರಿತ್ರಕಾರರು ಇಂದಿಗೂ ಕೈ ಹಿಸುಕಿಕೊಳ್ಳುತ್ತಾರೆ.) ಆದರೂ ಉಳಿದದ್ದರಲ್ಲಿ ಸಿಟ್ಟು, ಹಟ, ಒಲವು ಎಲ್ಲವೂ ಇವೆ. 1861ರಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ಕೊನೆಯವರೆಗೂ ಕಪ್ಪು ಉಡುಪು. ವರ್ಷಗಟ್ಟಲೆ ಜನರ ಮುಂದೆ ಬಂದದ್ದೇ ಅಪರೂಪ. ಪ್ರಧಾನಿಗಳಲ್ಲಿ ಡಿಸ್ರೇಲಿ ಅಚ್ಚುಮೆಚ್ಚು, ಗ್ಲಾಡ್‌ಸ್ಟನ್ ಎಂದರೆ ಆಗದು. ಮುಪ್ಪಿನಲ್ಲಿ ಭಾರತದಿಂದ ಬಂದ ಸೇವಕ ಅಬ್ದುಲ್ ಕರೀಮನಿಂದ ಉರ್ದು ಕಲಿತಳು. ಅರಮನೆಯವರ ಹೊಟ್ಟೆಯುರಿಗೆ ಬೇರೇನೂ ಬೇಕಾಗಲಿಲ್ಲ. 1881ರಲ್ಲಿ ಮೈಸೂರಿನ ಆಡಳಿತ ಒಡೆಯರಿಗೆ ಮರಳಿದ್ದೂ ಆಕೆಯ ಕಾಲದಲ್ಲೇ.

ಎಲಿಜಬೆತ್ ಇದಕ್ಕೆ ತದ್ವಿರುದ್ಧ. 1952ರಿಂದ 2022ರವರೆಗೆ 70 ವರ್ಷ ಆಳಿದರು, ಬಾಯಿಬಿಟ್ಟದ್ದು ಕಡಿಮೆ. ಚರ್ಚಿಲ್‌ರಿಂದ ಲಿಜ್ ಟ್ರಸ್‌ವರೆಗೆ 15 ಪ್ರಧಾನಿಗಳನ್ನು ಕಂಡರು. ಯಾರ ಬಗ್ಗೆ ಏನನ್ನಿಸಿತೆಂದು ನಾವು ಊಹಿಸಬೇಕಷ್ಟೆ. ವ್ಯಕ್ತಿಯನ್ನು ಹುಡುಕುವ ಓದುಗರಿಗೆ ಇದು ಬೇಸರದ ಸಂಗತಿ. ಆದರೆ ನಿಮ್ಮ ಕುತೂಹಲ ಸಾಮ್ರಾಜ್ಯ ಕರಗಿದ ಬಗೆ, 1997ರಲ್ಲಿ ಡಯಾನಾ ಸತ್ತಾಗ ಜನ ಅರಮನೆಯ ಮೇಲೆ ಮುನಿದದ್ದು, ಈಗಿನ ದೊರೆ ಮೂರನೇ ಚಾರ್ಲ್ಸ್ ಎಪ್ಪತ್ತು ದಾಟಿದ ಮೇಲೆ ಕಿರೀಟ ಧರಿಸಿದ್ದು, ಇವುಗಳ ಬಗ್ಗೆಯಾದರೆ ವಿಕ್ಟೋರಿಯಾಳನ್ನು ಪಕ್ಕಕ್ಕಿಟ್ಟು ಎಲಿಜಬೆತ್‌ರಿಂದಲೇ ಆರಂಭಿಸಿ. ಹಳೆಯ ಸುದ್ದಿಚಿತ್ರಗಳೂ ಹೇರಳವಾಗಿವೆ. 1961ರ ಭಾರತ ಪ್ರವಾಸದಲ್ಲಿ ಅವರು ಬೆಂಗಳೂರಿಗೂ ಬಂದಿದ್ದರು.