ಗುರುಗಳ ಹಸ್ತಪ್ರತಿಯನ್ನು ಸ್ಕ್ಯಾನ್ ಮಾಡಿ ನಾನು ಕಳೆದುಕೊಂಡದ್ದು

ತೀರಿಹೋದ ನಮ್ಮ ಗುರುಗಳು ಕ್ಲಾರಿನೆಟ್, ಎರಡು ಪಿಟೀಲು, ವಿಯೋಲಾ ಮತ್ತು ಚೆಲ್ಲೊಗಳಿಗಾಗಿ ಬರೆದಿಟ್ಟಿದ್ದ ಕೃತಿಯೊಂದರ 32 ಪುಟಗಳ ಹಸ್ತಪ್ರತಿಯನ್ನು ಅವರ ಮನೆಯವರು ಒಂದು ವಾರದ ಮಟ್ಟಿಗೆ ನನಗೆ ಕೊಟ್ಟಿದ್ದರು. ಅದನ್ನು ಸ್ಕ್ಯಾನ್ ಮಾಡಿ, ತಿದ್ದಬಹುದಾದ ಡಿಜಿಟಲ್ ಸ್ವರಲಿಪಿಯಾಗಿ ಮಾರ್ಪಡಿಸಿ, ಐವರು ವಾದಕರಿಗೂ ಬೇರೆಬೇರೆ ಪ್ರತಿಗಳನ್ನು ಮುದ್ರಿಸಿಕೊಡಲು ನಾನು ಒಪ್ಪಿಕೊಂಡೆ. ಆ ಕೆಲಸದಲ್ಲಿ ನನ್ನಿಂದಾದ ತಪ್ಪುಗಳಲ್ಲಿ ಒಂದನ್ನು ಇನ್ನು ಸರಿಪಡಿಸಲಾಗದು. ಇಂಥದೇ ಕೆಲಸಕ್ಕೆ ಕೈಹಾಕುವ ಬೇರೆಯವರಿಗೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕಡತಗಳು ಚಿಕ್ಕದಾಗಿರಲೆಂದು ನಾನು 150 ಡಿಪಿಐಯನ್ನೂ (ಒಂದು ಅಂಗುಲಕ್ಕೆ 150 ಬಿಂದುಗಳು), ಬೂದು ಛಾಯೆಗಳೇ ಇಲ್ಲದ ಕಪ್ಪು-ಬಿಳುಪಿನ ಕ್ರಮವನ್ನೂ ಆರಿಸಿಕೊಂಡೆ. ಸ್ವರಗಳನ್ನು ಬರೆಯುವ ಐದು ಗೆರೆಗಳ ಸಾಲು 7 ಮಿಲಿಮೀಟರ್ ಎತ್ತರವಿದ್ದರೆ ಎರಡು ಗೆರೆಗಳ ನಡುವಿನ ಅಂತರ 1.75 ಮಿಲಿಮೀಟರ್ ಆಗುತ್ತದೆ. 300 ಡಿಪಿಐಯಲ್ಲಿ ಅದು ಸುಮಾರು 20 ಪಿಕ್ಸೆಲ್, 150ರಲ್ಲಿ ಕೇವಲ 10. ಸ್ವರದ ಅವಧಿಯನ್ನು ಒಂದೂವರೆ ಪಟ್ಟು ಹೆಚ್ಚಿಸುವ ಚುಕ್ಕೆಗೆ ಆ ಹತ್ತರಲ್ಲಿ ಸಿಗುವುದು ಮೂರು ನಾಲ್ಕು ಪಿಕ್ಸೆಲ್‌ಗಳು ಮಾತ್ರ. ಅಷ್ಟರಲ್ಲಿ ಅದು ಚುಕ್ಕೆಯೋ ಕಾಗದದ ಕೊಳೆಯೋ ಎಂದು ಸ್ವರಲಿಪಿಯನ್ನು ಓದುವ ತಂತ್ರಾಂಶ ಹೇಳಲಾರದು. ಆದರೆ ಕಪ್ಪು-ಬಿಳುಪಿನ ಕ್ರಮದಿಂದಾದ ಹಾನಿ ಇದಕ್ಕಿಂತ ದೊಡ್ಡದು. ಅದು ಒಂದು ಮಿತಿಗಿಂತ ತಿಳಿಯಾಗಿರುವುದನ್ನೆಲ್ಲ ಬಿಳಿಯೆಂದೇ ಎಣಿಸುತ್ತದೆ. ಗುರುಗಳು ಸ್ವರಗಳನ್ನು ಶಾಯಿಯಲ್ಲಿ ಬರೆದು, ಕಮಾನಿನ ದಿಕ್ಕು, ನಾದದ ಏರಿಳಿತ, ಉಸಿರು ತೆಗೆದುಕೊಳ್ಳುವ ಜಾಗ ಇವನ್ನೆಲ್ಲ ವರ್ಷಗಳ ಕಾಲ ನುಡಿಸಿ ನೋಡಿ ಪೆನ್ಸಿಲ್‌ನಲ್ಲಿ ಸೇರಿಸಿದ್ದರು. ಆ ಗುರುತುಗಳಲ್ಲಿ ಬಹುಪಾಲು ನನ್ನ ಕಡತಗಳಲ್ಲಿ ಇಲ್ಲವೇ ಇಲ್ಲ. ಪುಟಗಳು ಶುಭ್ರವಾಗಿ ಕಂಡದ್ದರಿಂದ ನಾನು ಸಂತೋಷಪಟ್ಟು, ಹಸ್ತಪ್ರತಿಯನ್ನು ಅವಧಿಗೆ ಮೊದಲೇ ಹಿಂತಿರುಗಿಸಿದೆ.

ಬಳಿಕ ಕಡತಗಳನ್ನು ತಂತ್ರಾಂಶಕ್ಕೆ ಕೊಟ್ಟೆ. ಕೈಬರಹವನ್ನೂ ಓದುತ್ತದೆ ಎಂಬ ಜಾಹೀರಾತನ್ನು ನಾನು ನಂಬಿದ್ದೆ. ಮಾತ್ರೆಗಳ ಲೆಕ್ಕ ತಪ್ಪಿದ ಬಾರ್‌ಗಳನ್ನು (ನಿಗದಿತ ಮಾತ್ರೆಗಳ ಒಂದೊಂದು ಖಂಡವನ್ನು) ಅದು ಕೆಂಪಿನಲ್ಲಿ ತೋರಿಸುತ್ತಿತ್ತು. ಅವನ್ನೆಲ್ಲ ಎರಡು ದಿನ ಕುಳಿತು ತಿದ್ದಿ, ಕೆಂಪು ಉಳಿದಿಲ್ಲವೆಂದ ಮೇಲೆ ಕೆಲಸ ಮುಗಿಯಿತೆಂದು ತಿಳಿದೆ. ದಯವಿಟ್ಟು ಹೀಗೆ ತಿಳಿಯಬೇಡಿ. ಅಂಥ ಗುರುತು ಹೇಳುವುದು ಅವಧಿಗಳ ಮೊತ್ತದ ತಪ್ಪನ್ನು ಮಾತ್ರ. ಸ್ವರವನ್ನು ಅದರ ಸಹಜ ಸ್ಥಾನಕ್ಕೆ ತರುವ ನ್ಯಾಚುರಲ್ ಚಿಹ್ನೆಯನ್ನು ಅರ್ಧಸ್ವರ ಏರಿಸುವ ಶಾರ್ಪ್ ಎಂದು ಓದಿದರೆ, ಸ್ವರವೊಂದನ್ನು ಒಂದು ಗೆರೆಯಷ್ಟು ಮೇಲಕ್ಕೆ ಕೂರಿಸಿದರೆ, ಒಂದೇ ಸ್ವರದ ಎರಡು ಗುರುತುಗಳನ್ನು ಕೂಡಿಸುವ ಟೈ ಎಂಬ ಗೆರೆ ಬಿಟ್ಟುಹೋಗಿ ಒಂದೇ ಸ್ವರ ಎರಡು ಬಾರಿ ನುಡಿಯುವಂತಾದರೆ ಮೊತ್ತ ಬದಲಾಗುವುದಿಲ್ಲ, ಆದ್ದರಿಂದ ಎಚ್ಚರಿಕೆಯೂ ಬರುವುದಿಲ್ಲ. ಕೈಬರಹದಲ್ಲಿ ನ್ಯಾಚುರಲ್ ಮತ್ತು ಶಾರ್ಪ್ ಎಷ್ಟು ಹತ್ತಿರವಾಗಿ ಕಾಣುತ್ತವೆಂಬುದು ಬರೆದು ಅಭ್ಯಾಸವಿರುವವರಿಗೆ ಗೊತ್ತು. ಮೇಲಾಗಿ, ಸ್ವರದ ಮುಂದೆ ಬರುವ ಅಂಥ ಚಿಹ್ನೆ ಆ ಬಾರ್ ಮುಗಿಯುವವರೆಗೂ ಜಾರಿಯಲ್ಲಿರುವುದರಿಂದ, ಒಂದು ಚಿಹ್ನೆಯನ್ನು ತಪ್ಪಾಗಿ ಓದಿದರೆ ಮೂರು ನಾಲ್ಕು ಸ್ವರಗಳು ಕೆಡಬಹುದು.

ಕಂಪ್ಯೂಟರಿನಲ್ಲಿ ನುಡಿಸಿ ಕೇಳಿದರೆ ಸಾಕೆಂಬ ನಂಬಿಕೆಯೂ ನನ್ನನ್ನು ದಾರಿ ತಪ್ಪಿಸಿತು. ಬಿ-ಫ್ಲಾಟ್ ಕ್ಲಾರಿನೆಟ್‌ಗೆ ಸಿ ಎಂದು ಬರೆದರೆ ಕೇಳಿಸುವುದು ಬಿ-ಫ್ಲಾಟ್, ಎಂದರೆ ಬರೆದದ್ದಕ್ಕಿಂತ ಎರಡು ಅರ್ಧಸ್ವರಗಳಷ್ಟು ಕೆಳಗೆ. ತಂತ್ರಾಂಶ ಇದನ್ನು ತಿಳಿಯದೆ ಬರೆದ ಸ್ವರವನ್ನೇ ನುಡಿಸಿತು. ಉಳಿದ ವಾದ್ಯಗಳೊಡನೆ ಅದು ಕರ್ಕಶವಾಗಿ ಕೇಳಿಸಿದಾಗ, ವಾದ್ಯದ ಹೆಸರನ್ನು ಸರಿಯಾಗಿ ಆಯ್ದುಕೊಳ್ಳುವ ಬದಲು ನಾನು ಆ ಸಾಲಿನ ಸ್ವರಗಳನ್ನೇ ಕೆಳಗಿಳಿಸಿದೆ. ಕಂಪ್ಯೂಟರಿನಲ್ಲಿ ಇಂಪಾಯಿತು. ಅಭ್ಯಾಸದ ದಿನ ಕ್ಲಾರಿನೆಟ್ ವಾದಕರು ನುಡಿಸತೊಡಗಿದಾಗ ಅದು ಮತ್ತಷ್ಟು ಕೆಳಗಿಳಿದು, ಮೊದಲ ಪುಟದಲ್ಲೇ ಎಲ್ಲರೂ ನಿಲ್ಲಬೇಕಾಯಿತು. ಹಿಂದಿನ ಆವೃತ್ತಿಯನ್ನು ತೆರೆಯಲು ಹೋದರೆ ನಾನು ಉಳಿಸಿಕೊಂಡದ್ದು ಯಾವ ಸ್ವರ ಯಾವಾಗ ನುಡಿಯಬೇಕೆಂಬುದನ್ನು ಸಂಖ್ಯೆಗಳಲ್ಲಿ ಇಡುವ ಮಿಡಿ ಕಡತವನ್ನು ಮಾತ್ರ. ಬರೆಯುವಾಗ ಬೇರೆಬೇರೆಯಾದ ಜಿ-ಶಾರ್ಪ್ ಮತ್ತು ಎ-ಫ್ಲಾಟ್ ಎರಡಕ್ಕೂ ಮಿಡಿಯಲ್ಲಿ ಒಂದೇ ಸಂಖ್ಯೆ, ಸ್ವರಗಳನ್ನು ಬಿಡದೆ ಜೋಡಿಸಿ ನುಡಿಸಲು ಹೇಳುವ ಸ್ಲರ್ ಗೆರೆಗಳಿಗೆ ಅಲ್ಲಿ ಸ್ಥಾನವೇ ಇಲ್ಲ. ಬರವಣಿಗೆಯ ರೂಪ ಉಳಿಯಬೇಕಾದರೆ ಸ್ವರಲಿಪಿಗೆಂದೇ ಇರುವ ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಕಡತ ರೂಪದಲ್ಲಿ, ತಿದ್ದುವ ಮೊದಲೊಮ್ಮೆ ಮತ್ತು ತಿದ್ದಿದ ಮೇಲೊಮ್ಮೆ, ಬೇರೆಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.

ಸ್ವಚ್ಛವಾಗಿ ಅಚ್ಚಾದ ಪುಟಗಳಿಗೆ ಈ ತಂತ್ರಾಂಶಗಳು ನಿಜಕ್ಕೂ ಉಪಕಾರಿ. 300 ಡಿಪಿಐ, ಬೂದು ಛಾಯೆಯ ಕ್ರಮ ಮತ್ತು ಸಮತಟ್ಟಾದ ಸ್ಕ್ಯಾನರ್ ಇದ್ದರೆ ಬಹಳಷ್ಟು ಶ್ರಮ ಉಳಿಯುತ್ತದೆ. ಕೈಬರಹವಾದರೆ ಒಂದೊಂದೇ ಸ್ವರವನ್ನು ಕೀಲಿಮಣೆಯಿಂದ ಕೂರಿಸುವುದೇ ಬೇಗ ಮುಗಿಯುವ ದಾರಿ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ನಾನು ಕಡೆಗೆ ಮಾಡಿದ್ದೂ ಅದನ್ನೇ. ಪರಿಶೀಲಿಸುವಾಗ ಒಬ್ಬರು ಮೂಲವನ್ನು ನೋಡಿ ಸ್ವರದ ಹೆಸರು, ಅವಧಿ, ಚಿಹ್ನೆಗಳನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸ ಪ್ರತಿಯ ಮೇಲೆ ಬೆರಳಿಟ್ಟು ಸಾಗಬೇಕು. ಅದು ಮುಗಿಯುವವರೆಗೆ ಮೂಲ ಹಾಳೆಗಳು ನಿಮ್ಮ ಬಳಿಯೇ ಇರಲಿ. ಇನ್ನೊಂದು ವಾರ ಕೊಡಿ ಎಂದು ಕೇಳಲು ಸಂಕೋಚಪಡಬೇಡಿ.

ನಾನು ಮತ್ತೆ ಕೇಳಿಕೊಂಡು ಹೋಗುವಷ್ಟರಲ್ಲಿ ಗುರುಗಳ ಮನೆಯವರು ಮನೆ ಬದಲಿಸಿದ್ದರು, ಹಸ್ತಪ್ರತಿಯ ಆ ಕಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ. ಗುರುಗಳೊಡನೆ ನುಡಿಸಿದ್ದ ವಿಯೋಲಾ ವಾದಕರಿಗೆ ನೆನಪಿದ್ದ ಕೆಲವು ಪೆನ್ಸಿಲ್ ಗುರುತುಗಳನ್ನು ಹೊಸ ಪ್ರತಿಯಲ್ಲಿ ಆವರಣದೊಳಗೆ ಸೇರಿಸಿದ್ದೇವೆ. ಉಳಿದ ಕಡೆ ಏನನ್ನೂ ಊಹಿಸಿ ಬರೆದಿಲ್ಲ.